ಆಪಲ್ ಕೊಂಡ ಮೇಲೆ ಫೌಂಡೇಶನ್‌ಡಿಬಿ

ಇಲ್ಲಿ ದಾವಣಗೆರೆಯಲ್ಲಿ ಮಂಡಿ ಲೆಕ್ಕದ ಸಾಫ್ಟ್‌ವೇರ್ ಬರೆಯುವ ನಮಗೆ ಡೇಟಾಬೇಸ್ ಅಂದರೆ ಮೈಎಸ್‌ಕ್ಯೂಎಲ್, ಇಲ್ಲವೇ ಪೋಸ್ಟ್‌ಗ್ರೆಸ್. ಡೇಟಾವನ್ನು ಹಲವು ಯಂತ್ರಗಳಲ್ಲಿ ಹಂಚಿ ಇಡುವ ಫೌಂಡೇಶನ್‌ಡಿಬಿ ಎಂಬ ಡೇಟಾಬೇಸಿನ ಹೆಸರು ಕೇಳಿದವರೇ ಕಡಿಮೆ. ನನಗಂತೂ ಅದು ತುಂಬಾ ಇಷ್ಟ.

2015ರ ಮಾರ್ಚ್‌ನಲ್ಲಿ ಅದನ್ನು ಮಾಡಿದ ಕಂಪನಿಯನ್ನು ಆಪಲ್ ಕೊಂಡಿತು. ಡೌನ್‌ಲೋಡ್ ಕೂಡಲೇ ನಿಂತಿತು. ಮುಖ್ಯ ಕೋಡ್ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ, ಬಳಸಿ, ಬದಲಿಸಬಹುದಾದದ್ದು) ಆಗಿರಲಿಲ್ಲ, ಹಾಗಾಗಿ ನಂಬಿ ಬಳಸುತ್ತಿದ್ದವರನ್ನು ನಡುನೀರಿನಲ್ಲಿ ಕೈಬಿಟ್ಟ ಹಾಗಾಯಿತು. 2018ರ ಏಪ್ರಿಲ್‌ನಲ್ಲಿ ಅದೇ ಆಪಲ್ ಆ ಮುಖ್ಯ ಕೋಡನ್ನು ಅಪಾಚೆ 2.0 ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿತು.

ಇದರಲ್ಲಿ ಅಂಥದ್ದೇನಿದೆ? ಎಪಿಎಂಸಿಯಲ್ಲಿ ಮೆಕ್ಕೆಜೋಳದ ಒಂದೇ ಲಾಟನ್ನು ಇಬ್ಬರು ಗುಮಾಸ್ತರು ಒಂದೇ ಹೊತ್ತಿಗೆ ಬೇರೆ ಬೇರೆ ಖರೀದಿದಾರರ ಹೆಸರಿಗೆ ಬರೆದರು ಅಂತಿಟ್ಟುಕೊಳ್ಳಿ. ಡೇಟಾ ಹತ್ತಾರು ಯಂತ್ರಗಳಲ್ಲಿ ಹಂಚಿಹೋಗಿದ್ದರೂ ಇಲ್ಲಿ ಮೊದಲು ಕಮಿಟ್ (ಖಾಯಂ ದಾಖಲು) ಆದದ್ದು ಮಾತ್ರ ಉಳಿಯುತ್ತದೆ, ಎರಡನೆಯದು ತಿರಸ್ಕಾರವಾಗಿ ಮತ್ತೆ ಓದಿ ನೋಡಿದಾಗ ಲಾಟ್ ಮಾರಿಹೋಗಿರುವುದು ಅದಕ್ಕೆ ಗೊತ್ತಾಗುತ್ತದೆ. ಒಳಗಿರುವುದು ಬರೀ ಕೀ (ಹುಡುಕುವ ಹೆಸರು) ಮತ್ತು ವ್ಯಾಲ್ಯೂ (ಅದರ ಮಾಹಿತಿ), ಕೀಗಳು ಕ್ರಮವಾಗಿ ಜೋಡಿಸಿರುತ್ತವೆ, ಅಷ್ಟೇ. ಟೇಬಲ್, ಇಂಡೆಕ್ಸ್ ಎಲ್ಲ ಬೇಕಾದರೆ ಮೇಲೆ ಒಂದು ಲೇಯರ್, ಅಂದರೆ ಅದನ್ನು ಬಳಸುವ ಇನ್ನೊಂದು ಪ್ರೋಗ್ರಾಂ, ಕಟ್ಟಿಕೊಳ್ಳಬೇಕು. ಮಿತಿಗಳೂ ಬಿಗಿ: ಒಂದು ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಓದು-ಬರಹ) 5 ಸೆಕೆಂಡ್ ದಾಟುವಂತಿಲ್ಲ, ಅದರ ಗಾತ್ರ 10 ಎಂಬಿ ಮೀರುವಂತಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅವರ ಪರೀಕ್ಷೆ. ಇಡೀ ಕ್ಲಸ್ಟರನ್ನು, ಅಂದರೆ ಯಂತ್ರಗಳ ಗುಂಪನ್ನು, ಓಡುತ್ತಿರುವ ಒಂದೇ ಪ್ರೋಗ್ರಾಮಿನೊಳಗೆ ಸಿಮ್ಯುಲೇಟ್ ಮಾಡಿ, ಡಿಸ್ಕ್ ಕೆಡಿಸಿ, ನೆಟ್‌ವರ್ಕ್ ಕಡಿದು, ಯಂತ್ರಗಳನ್ನು ಬೇಕಂತಲೇ ಬೀಳಿಸಿ ನೋಡುತ್ತಾರೆ. ಬಗ್ ಸಿಕ್ಕರೆ ಆ ಪರೀಕ್ಷೆಯ ಯಾದೃಚ್ಛಿಕ ಘಟನೆಗಳನ್ನು ನಿರ್ಧರಿಸಿದ ಸೀಡ್ ಸಂಖ್ಯೆಯನ್ನೇ ಮತ್ತೆ ಕೊಟ್ಟು ಅದೇ ಬಗ್ಗನ್ನು ಮತ್ತೆ ಬರಿಸಬಹುದು! ಯಾವಾಗಲೋ ಒಮ್ಮೆ ಬಂದು ಮಾಯವಾಗುವ ಬಗ್ ಹಿಂದೆ ರಾತ್ರಿಯೆಲ್ಲ ಅಲೆದವರಿಗೆ ಇದರ ಬೆಲೆ ಗೊತ್ತು, ಅಲ್ವಾ?

ಮುಂದೇನು? ಆಪ್‌ಗಳ ಡೇಟಾವನ್ನು ಐಕ್ಲೌಡ್‌ನಲ್ಲಿ ಇಡುವ ಆಪಲ್‌ನ ಕ್ಲೌಡ್‌ಕಿಟ್ ಇದರ ಮೇಲೆಯೇ ನಿಂತಿದೆ, ಅದಕ್ಕೆ ಬಳಸುವ ರೆಕಾರ್ಡ್ ಲೇಯರ್ ಕೂಡ 2019ರಲ್ಲಿ ಓಪನ್ ಸೋರ್ಸ್ ಆಯಿತು. ಡೇಟಾ ವಿಶ್ಲೇಷಣೆಯ ಕ್ಲೌಡ್ ಕಂಪನಿ ಸ್ನೋಫ್ಲೇಕ್ ತನ್ನ ಮೆಟಾಡೇಟಾವನ್ನು (ಡೇಟಾದ ಕುರಿತ ವಿವರಗಳನ್ನು) ಇದರಲ್ಲೇ ಇಡುತ್ತದೆ. ತಮ್ಮ ಸ್ವಂತ ವ್ಯವಹಾರವೇ ಇದರ ಮೇಲಿರುವಾಗ ಯಾರೂ ಸುಮ್ನೆ ಬಿಟ್ಟುಬಿಡುವುದಿಲ್ಲ ಅಂತ ನನ್ನ ನಂಬಿಕೆ. ಒಂದು ವೇಳೆ ಆಪಲ್ ಮನಸ್ಸು ಬದಲಿಸಿದರೂ ಈಗಾಗಲೇ ಹೊರಬಂದ ಕೋಡನ್ನು ವಾಪಸ್ ಕಿತ್ತುಕೊಳ್ಳಲು ಆಗುವುದಿಲ್ಲ. 2015ಕ್ಕೂ ಇವತ್ತಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಒಂದು ಮಂಡಿಯ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್ ಧಾರಾಳವಾಗಿ ಸಾಕು, ಅದನ್ನು ಬದಲಿಸಲು ಹೋಗಬೇಡಿ. ಆದರೆ ನಮ್ಮೂರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಫೌಂಡೇಶನ್‌ಡಿಬಿಯನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಒಂದು ಚಿಕ್ಕ ಲೇಯರ್ ಬರೆದು ನೋಡಲಿ. ಒಂದೇ ಯಂತ್ರದಲ್ಲೂ ಅದು ಓಡುತ್ತದೆ.