ಕುಕ್ಕರಹಳ್ಳಿ ಕೆರೆ ಸುತ್ತಿ, ಸರಸ್ವತಿಪುರಂನಲ್ಲಿ ಒಂದು ಲೋಟ

ಬಾಟಲಿ ಹುಡುಕಿಕೊಂಡು ಬಂದವರು ಬೇರೆ ಬೀದಿ ಹಿಡಿಯಬಹುದು. ಕುಕ್ಕರಹಳ್ಳಿ ಕೆರೆಯಿರುವುದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ. ಇಲ್ಲಿ ಕುಡಿಯುವುದು ಎಂದರೆ ಎಳನೀರು, ಕಾಫಿ, ಮಜ್ಜಿಗೆ, ಕಬ್ಬಿನ ಹಾಲು. ಯಾವುದನ್ನು ಯಾವ ಹೊತ್ತಿಗೆ ಕುಡಿಯಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಕೆರೆ ಕಟ್ಟಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ, ವ್ಯವಸಾಯದ ನೀರಿಗಾಗಿ. ಬಿಸಿಲೇರುವ ಮೊದಲೇ ಏರಿ ಹತ್ತಿದರೆ ಹೆಜ್ಜಾರ್ಲೆ, ನೀರುಕಾಗೆ ಕಾಣುತ್ತವೆ. ನಿಧಾನವಾಗಿ ನಡೆದರೆ ಒಂದು ಸುತ್ತಿಗೆ ಸುಮಾರು ಒಂದು ಗಂಟೆ.

ನಡೆದು ಬೆವರಿದ ಮೇಲೆ ಮೊದಲು ಎಳನೀರು, ಕಾಫಿ ಆಮೇಲೆ. ಗಾಡಿಯವರು ‘ನೀರಿಂದಾ, ಗಂಜಿದಾ?’ ಎನ್ನುತ್ತಾರೆ. ನೀರಿಂದೇ ಬೇಕಿದ್ದರೆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಕುಲುಕುಲು ಸದ್ದು ಬಂದರೆ ಬಲಿತಿದೆ, ನೀರು ಇಳಿದಿದೆ ಎಂದರ್ಥ; ಎಳೆಯದರಲ್ಲಿ ನೀರು ತುಂಬಿರುವುದರಿಂದ ಸದ್ದೇ ಇರುವುದಿಲ್ಲ.

ಕಾಫಿಗೆ ಸರಸ್ವತಿಪುರಂ ಕಡೆ ಇಳಿಯಿರಿ. ಬೋರ್ಡ್ ನೋಡಿ ಹೋಟೆಲ್ ಆರಿಸಬೇಡಿ, ನಿಂತು ಕುಡಿಯುವವರ ಗುಂಪು ನೋಡಿ. ಗಿರಾಕಿ ಹೆಚ್ಚಿದ್ದಲ್ಲಿ ಡಿಕಾಕ್ಷನ್ ಬೇಗ ಮುಗಿಯುತ್ತದೆ, ಮತ್ತೆ ಹೊಸದಾಗಿ ಇಳಿಸಲೇಬೇಕು. ಕಾಫಿ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಮೊದಲನೆಯದು, ಅದೇ ಪುಡಿಗೆ ಮತ್ತೆ ಬಿಸಿನೀರು ಸುರಿದು ತೆಗೆದ ಎರಡನೇ ಡಿಕಾಕ್ಷನ್. ಪರಿಮಳ ಹೋಗಿ ಬರೀ ಕಹಿ ಉಳಿದಿರುತ್ತದೆ. ಎರಡನೆಯದು, ಚಿಕೋರಿ ಮಿತಿ ಮೀರಿರುವುದು. ಬಣ್ಣ ಕಡುಕಪ್ಪಾಗುತ್ತದೆ, ನಾಲಿಗೆಗೆ ಮಾತ್ರ ಸುಟ್ಟ ಬೆಲ್ಲದ ರುಚಿ. ಮೂರನೆಯದು ಹಾಲು: ಒಲೆಯ ಮೇಲೆ ಗಂಟೆಗಟ್ಟಲೆ ಕುದ್ದ ಹಾಲಿನ ವಾಸನೆ ಡಿಕಾಕ್ಷನ್ನನ್ನು ನುಂಗಿಬಿಡುತ್ತದೆ. ನಂದಿನಿಯ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಶುಭಂನಲ್ಲಿ ಶೇ 4.5; ಗಟ್ಟಿ ಕಾಫಿಗೆ ಎರಡನೆಯದೇ ಸರಿ. ‘ಸಕ್ಕರೆ ಬೇರೆ ಕೊಡಿ’ ಎಂದು ಮೊದಲೇ ಹೇಳಿಬಿಡಿ, ಸುಮ್ಮನಿದ್ದರೆ ಪಾಯಸವೇ ಗತಿ. ಇಬ್ಬರಿದ್ದರೆ ಬೈಟು ಸಾಕು. ರುಚಿ ಸರಿಯಿಲ್ಲದಿದ್ದರೆ ನಷ್ಟವೂ ಅರ್ಧ!

ಮಧ್ಯಾಹ್ನಕ್ಕೆ ಮಜ್ಜಿಗೆ. ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಜಜ್ಜಿ ಹಾಕಿದ್ದರೆ ಕುಡಿಯಿರಿ, ಹುಳಿ ಮೂಗಿಗೆ ಹೊಡೆದರೆ ಬಿಡಿ.

ಸಂಜೆ ಕಬ್ಬಿನ ಹಾಲು. ಪಕ್ಕದ ಮಂಡ್ಯ ಕಬ್ಬಿನ ಸೀಮೆ, ಆದರೂ ಜಲ್ಲೆಯನ್ನು ಒಮ್ಮೆ ನೋಡಿಯೇ ಕೇಳಿ. ಕತ್ತರಿಸಿದ ತುದಿ ಒಳಗೆ ಕೆಂಪಾಗಿದ್ದರೆ ಕೊಳೆರೋಗ ಬಂದಿದೆ, ಹಾಲು ಹುಳಿ ವಾಸನೆ ಹೊಡೆಯುತ್ತದೆ. ಮೊದಲೇ ಹಿಂಡಿ ಜಗ್ಗಿನಲ್ಲಿಟ್ಟದ್ದು ಬೇಡ: ಗಾಳಿ ತಾಗಿದರೆ ಸ್ವಲ್ಪ ಹೊತ್ತಿಗೇ ಕಂದುಬಣ್ಣಕ್ಕೆ ತಿರುಗುತ್ತದೆ. ಜಲ್ಲೆ ಮಡಚಿ ಎರಡನೇ ಸಲ ಗಾಣಕ್ಕೆ ಕೊಡುವಾಗ ನಡುವೆ ನಿಂಬೆಹೋಳು, ಶುಂಠಿ ಇಡಿಸಿ. ನಿಂಬೆಯ ಹುಳಿ ಬಣ್ಣ ಕೆಡುವುದನ್ನು ತಡೆಯುತ್ತದೆ. ಐಸ್ ಬೇಡ ಎನ್ನಿ. ಅದು ಯಾವ ನೀರಿನದೋ, ಜೊತೆಗೆ ಅರ್ಧ ಲೋಟ ಅದೇ ತುಂಬಿಕೊಳ್ಳುತ್ತದೆ. ಲೋಟವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆಯುವ ಗಾಡಿಯಾದರೆ ಪೇಪರ್ ಲೋಟ ಕೇಳಿ, ಇಲ್ಲವೆಂದರೆ ಮುಂದಿನ ಗಾಡಿಗೆ ನಡೆಯಿರಿ.