ಬಾವಿಕಟ್ಟೆಯ ಬಟ್ಟಲುಗಳು

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಅತ್ತೆ ತಂತಿ ಬ್ರಷ್ ಹಿಡಿದು ಬಾವಿಕಟ್ಟೆ ಉಜ್ಜುತ್ತಿದ್ದರು. ಪಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಡಬ್ಬ. ಓಡಿ ಹೋಗಿ, "ಅತ್ತೆ, ಅದು ಪಾಚಿ ಅಲ್ಲ, ತೆಗೀಬೇಡಿ" ಅಂದೆ.

"ಪಾಚಿ ಅಲ್ದಿದ್ರೆ ಇದರ ಹೆಸರೇನು?"

"ಮಾರ್ಕಾಂಶಿಯ."

"ಅದಲ್ಲ, ನಮ್ಮಲ್ಲಿ ಏನಂತಾರೆ?"

ನಾನು ಸುಮ್ಮನಾದೆ. "ಹೆಸರೇ ಇಲ್ಲ ಅಂದ್ಮೇಲೆ ಪಾಚಿನೇ ಅಲ್ವಾ?" ಅಂತ ಹೇಳಿ ಮತ್ತೆ ಉಜ್ಜತೊಡಗಿದರು. ಬುಧವಾರವಾದರೂ ಆ ಮಾತು ನನ್ನ ತಲೆಯಿಂದ ಇಳಿದಿಲ್ಲ.

ಅತ್ತೆಯನ್ನು ದೂರಲಾರೆ. ಹೋದ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡವರು ಅವರೇ. ಬೇಸರ ಆಗಿದ್ದು ಮೈದುನನ ಮೇಲೆ. ಒಳಗೋಡೆಗೂ ಸಿಮೆಂಟ್ ಬಳಿಸೋಣ ಅಂತ ನಿಂತಲ್ಲೇ ತೀರ್ಮಾನ ಕೊಟ್ಟ. ಬಗ್ಗಿ ಒಂದು ಸಲ ನೋಡಲೂ ಇಲ್ಲ.

ನಮ್ಮ ಬಾವಿ ಜಂಬಿಟ್ಟಿಗೆ ಕಲ್ಲಿನದು. ಮಳೆ ಹಿಡಿದರೆ ಕಲ್ಲೆಲ್ಲ ನೀರು ಕುಡಿದು ತಂಪಾಗಿರುತ್ತದೆ, ಬಿಸಿಲು ನೇರವಾಗಿ ಬೀಳುವುದಿಲ್ಲ. ಈ ಗಿಡಕ್ಕೆ ಬೇಕಾದದ್ದು ಅಷ್ಟೇ. ಕಾಂಡ ಇಲ್ಲ, ಎಲೆ ಇಲ್ಲ, ನಿಜವಾದ ಬೇರೂ ಇಲ್ಲ. ಹಸಿರು ಪಟ್ಟಿಯೊಂದು ಕಲ್ಲಿಗೆ ಅಂಟಿಕೊಂಡು ಮುಂದೆ ಹೋಗುತ್ತದೆ, ತುದಿ ಎರಡಾಗಿ ಸೀಳುತ್ತದೆ, ಆ ಎರಡೂ ಮತ್ತೆ ಎರಡೆರಡಾಗುತ್ತವೆ. ಹತ್ತಿರದಿಂದ ನೋಡಿದರೆ ಮೈಮೇಲೆಲ್ಲ ಸಣ್ಣ ಚುಕ್ಕೆಗಳು. ಅವು ಗಾಳಿ ಆಡುವ ರಂಧ್ರಗಳು.

ಆಮೇಲೆ ಬಟ್ಟಲುಗಳು. ನನಗೆ ಜಾಸ್ತಿ ಇಷ್ಟ ಅವೇ. ರಾಗಿ ಕಾಳು ಹಿಡಿಸುವಷ್ಟು ಪುಟ್ಟ ಬಟ್ಟಲು, ಅಂಚಿಗೆ ಹಲ್ಲು, ಒಳಗೆ ಹಸಿರು ಹರಳಿನಂಥ ಮರಿಗಳು. ಬಟ್ಟಲೊಳಗೆ ಇರುವಷ್ಟು ದಿನ ಅವು ಮೊಳೆಯುವುದಿಲ್ಲ, ತಾಯಿ ಗಿಡವೇ ತಡೆದು ಇಟ್ಟಿರುತ್ತದೆ. ಮಳೆಹನಿ ಬಟ್ಟಲಿಗೆ ಬಿದ್ದಾಗ ಸಿಡಿದು ಆಚೆ ಬೀಳುತ್ತವೆ. ಬಿದ್ದಾಗ ಮರಿಯ ಎರಡೂ ಮುಖ ಒಂದೇ ಥರ. ಯಾವ ಮುಖ ಮೇಲಾಗಬೇಕು, ಯಾವುದು ಕಲ್ಲು ಹಿಡಿಯಬೇಕು ಎಂಬುದು ಇನ್ನೂ ತೀರ್ಮಾನ ಆಗಿರುವುದಿಲ್ಲ, ಬೆಳಕು ಯಾವ ಕಡೆಯಿಂದ ಬರುತ್ತದೋ ಆ ಕಡೆ ಮೇಲಾಗುತ್ತದೆ. ಹನ್ನೊಂದು ವರ್ಷದಿಂದ ಪಿಯುಸಿ ಮಕ್ಕಳಿಗೆ ಈ ಪಾಠ ಮಾಡುತ್ತಿದ್ದೇನೆ. ಇಷ್ಟು ಹೇಳಿಕೊಡುವಾಗಲೂ ಗಂಟಲು ಕಟ್ಟುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಕೊಡೆಯಂತೆ ಏಳುವ ಕಾಲುಗಳು ಬೇರೆ ಬೇರೆ ಆಕಾರದವು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ನಿಮ್ಮ ಮನೆ ಬಾವಿ ಹತ್ತಿರ ಹೋಗಿ ನೋಡಿ ಅಂತ ಒಂದು ದಿನವೂ ಹೇಳಿಲ್ಲ. ಅದು ನನ್ನ ತಪ್ಪು.

ಮಾರ್ಕಾಂಶಿಯ ಎಂಬ ಹೆಸರಿಟ್ಟವನು ಫ್ರಾನ್ಸಿನ ಜ್ಯಾನ್ ಮಾರ್ಶಾಂ. 1713ರಲ್ಲಿ, ತನ್ನ ಅಪ್ಪ ನಿಕೋಲಾ ಮಾರ್ಶಾಂ ನೆನಪಿಗೆ. ಇಂಗ್ಲಿಷಿನವರಿಗೆ ಈ ಗುಂಪಿನ ಗಿಡಗಳಲ್ಲಿ ಪಿತ್ತಜನಕಾಂಗ ಕಂಡಿತು, ಅದಕ್ಕೇ ಲಿವರ್‌ವರ್ಟ್ ಅಂದರು. ಅವರೆಲ್ಲ ಬಗ್ಗಿ ನೋಡಿದ್ದರು, ಹೆಸರಿಟ್ಟರು. ನಾವು ಬೆಂಡೆ ಬದನೆಗೆ ತಳಿತಳಿಗೊಂದು ಹೆಸರಿಟ್ಟವರು, ಮಳೆಗೆ ನಕ್ಷತ್ರದ ಲೆಕ್ಕದಲ್ಲಿ ಹೆಸರಿಟ್ಟವರು. ಆದರೆ ದಿನಾ ನೀರು ಸೇದುವ ಕಟ್ಟೆಯ ಮೇಲಿನ ಈ ಗಿಡ, ಇದರ ಪಕ್ಕದ ಹಾವಸೆ, ಕಲ್ಲಿನ ಬೂದು ಕಲೆ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೇ ಮಾತು, ಪಾಚಿ. ತಿನ್ನಲು ಬರುವುದಕ್ಕೆ ಹೆಸರು ಹುಟ್ಟಿತು, ಉಳಿದದ್ದಕ್ಕೆ ಬ್ರಷ್ ಬಂತು. ಕಾಡು ಕಡಿಯುವಾಗಲೂ ಹೀಗೇ ಅಲ್ವಾ? ಹೆಸರು ಗೊತ್ತಿರುವ ನಾಲ್ಕು ಮರ ಲೆಕ್ಕಕ್ಕೆ ಸಿಗುತ್ತವೆ, ಬಾಕಿಯದೆಲ್ಲ ಕುರುಚಲು.

ಭಾನುವಾರ ಮಧ್ಯಾಹ್ನ ಅತ್ತೆಯ ಕನ್ನಡಕ ತಂದುಕೊಟ್ಟು ಒಂದು ಬಟ್ಟಲು ತೋರಿಸಿದ್ದೆ. ನೋಡಿದರು, ಏನೂ ಹೇಳಲಿಲ್ಲ, ಒಳಗೆ ಹೋದರು. ನಾನೂ ಬೆಂಗಳೂರಿಗೆ ಬಸ್ ಹತ್ತಿದೆ.

ನಿನ್ನೆ ರಾತ್ರಿ ಫೋನಿನಲ್ಲಿ ಅಡಿಕೆಗೆ ಔಷಧಿ ಹೊಡೆಸಿದ್ದು, ಕರೆಂಟ್ ಹೋಗಿದ್ದು ಎಲ್ಲ ಹೇಳಿದ ಮೇಲೆ ಅತ್ತೆ ಅಂದರು: "ಕಾಲಿಡೋ ಜಾಗದ್ದು ಮಾತ್ರ ತೆಗೆದೆ. ಒಳಗಿನ ಬಟ್ಟಲು ಪಾಚಿ ಹಾಗೇ ಇದೆ."