ಮೆಸ್ ಬಿಲ್ ಉರುಳಿಸಿದ ಸರ್ಕಾರ

ನಮ್ಮ ಹಾಸ್ಟೆಲಿನಲ್ಲಿ ಒಮ್ಮೆ ಸಾರು ತೀರಾ ನೀರಾಯಿತೆಂದು ತಟ್ಟೆ ಬಡಿದಿದ್ದೆವು. ಎರಡು ದಿನ ಭಾರಿ ಗಲಾಟೆ. ಮೂರನೇ ದಿನ ವಾರ್ಡನ್ ಬಂದು ಭಾನುವಾರ ಒಬ್ಬಟ್ಟು ಮಾಡಿಸ್ತೀನಿ ಅಂದರು, ಕ್ರಾಂತಿ ಅಲ್ಲಿಗೇ ಮುಗಿಯಿತು. ಹಾಗಾಗಿ ಗುಜರಾತಿನ ನವನಿರ್ಮಾಣ ಚಳವಳಿ ಬಗ್ಗೆ ಓದುವಾಗೆಲ್ಲ ನನಗೆ ಸ್ವಲ್ಪ ನಾಚಿಕೆ ಆಗುತ್ತದೆ.

ಅದೂ ಶುರುವಾದದ್ದು ಮೆಸ್‌ನಲ್ಲೇ. 1973ರ ಡಿಸೆಂಬರ್, ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು. ಊಟದ ಬಿಲ್ಲು ಶೇ. 20ರಷ್ಟು ಏರಿತ್ತು. ಹುಡುಗರು ರೇಗಿದರು. ಆದರೆ ಆಗ ಊರಲ್ಲಿ ಪ್ರತಿ ಮನೆಯಲ್ಲೂ ಇದೇ ಗೋಳು: ಕಡಲೆಕಾಯಿ ಎಣ್ಣೆ ಕೈಗೆಟುಕುತ್ತಿರಲಿಲ್ಲ, ಕಾಳು ದುಬಾರಿ. ಎಣ್ಣೆ ವ್ಯಾಪಾರಿಗಳ ಜೊತೆ ಮುಖ್ಯಮಂತ್ರಿ ಚಿಮನ್‌ಭಾಯ್ ಪಟೇಲರೂ ಶಾಮೀಲು ಅಂತ ಜನ ಬಾಯಿಬಿಟ್ಟೇ ಮಾತಾಡುತ್ತಿದ್ದರು. ಹುಡುಗರ ಸಿಟ್ಟಿಗೆ ಮೇಷ್ಟ್ರುಗಳು, ವಕೀಲರು, ಗೃಹಿಣಿಯರು ದನಿ ಸೇರಿಸಿದ್ದು ಅದಕ್ಕೇ. ಬಂದ್, ಕರ್ಫ್ಯೂ, ಗೋಲಿಬಾರ್ ಎಲ್ಲ ಆಯಿತು, ಎಷ್ಟೋ ಜನ ಸತ್ತರು. 1974ರ ಫೆಬ್ರವರಿ 9ಕ್ಕೆ ಚಿಮನ್‌ಭಾಯ್ ರಾಜೀನಾಮೆ.

ಹುಡುಗರು ಅಷ್ಟಕ್ಕೂ ಬಿಡಲಿಲ್ಲ. ವಿಧಾನಸಭೆಯೇ ಹೋಗಲಿ ಅಂತ ಶಾಸಕರ ಬೆನ್ನು ಬಿದ್ದು ಒಬ್ಬೊಬ್ಬರಿಂದ ರಾಜೀನಾಮೆ ಕೊಡಿಸಿದರು, ಮೊರಾರ್ಜಿ ದೇಸಾಯಿ ಉಪವಾಸ ಕೂತರು, ಮಾರ್ಚ್‌ನಲ್ಲಿ ವಿಧಾನಸಭೆ ವಿಸರ್ಜನೆಯೂ ಆಯಿತು. ಇದನ್ನು ನೋಡಿ ಬಿಹಾರದ ವಿದ್ಯಾರ್ಥಿಗಳೂ ಎದ್ದರು, ಅವರಿಗೆ ನಾಯಕರಾಗಿ ಜಯಪ್ರಕಾಶ್ ನಾರಾಯಣ್ ಸಿಕ್ಕರು. ಆ ಕಥೆ ತುರ್ತು ಪರಿಸ್ಥಿತಿವರೆಗೂ ಹೋಗುತ್ತದೆ, ಇವತ್ತು ಬೇಡ.

ನನ್ನನ್ನು ಕಾಡುವುದು ಸರ್ಕಾರ ಬಿದ್ದ ನಂತರ ಆದದ್ದು. ಯಾರು ಬೇಡ ಅನ್ನುವುದು ಹುಡುಗರಿಗೆ ಚೆನ್ನಾಗಿ ಗೊತ್ತಿತ್ತು. ಯಾರು ಬೇಕು? ಅದಕ್ಕೆ ಅವರ ಹತ್ತಿರ ಉತ್ತರವೂ ಇರಲಿಲ್ಲ, ಪಕ್ಷವೂ ಇರಲಿಲ್ಲ. ಆ ಜಾಗಕ್ಕೆ ಹಳೇ ಪಕ್ಷಗಳೇ ಬಂದು ಕೂತವು. 1975ರ ಜೂನ್‌ನಲ್ಲಿ ಚುನಾವಣೆ ನಡೆದು, ವಿರೋಧ ಪಕ್ಷಗಳ ಒಕ್ಕೂಟವಾದ ಜನತಾ ಮೋರ್ಚಾದ ಬಾಬುಭಾಯ್ ಪಟೇಲ್ ಮುಖ್ಯಮಂತ್ರಿಯಾದರು. ಮೋರ್ಚಾಗೆ ಬಹುಮತ ಸಾಲಲಿಲ್ಲ. ಕೈಹಿಡಿದದ್ದು ಯಾರು ಹೇಳಿ? ಚಿಮನ್‌ಭಾಯ್ ಕಟ್ಟಿದ್ದ ಹೊಸ ಪಕ್ಷ!

ಇನ್ನೊಂದು ವಿಷಯ ಇದೆ. ಆಗ ಓಟಿನ ವಯಸ್ಸು 21. ಅಂದರೆ ಬೀದಿಗಿಳಿದು ಸರ್ಕಾರ ಉರುಳಿಸಿದ ಎಷ್ಟೋ ಹುಡುಗರಿಗೆ ಓಟೇ ಇರಲಿಲ್ಲ. ಕಲ್ಲು ಹೊಡೆದದ್ದು ತಪ್ಪು ಅಂತ ಬುದ್ಧಿ ಹೇಳುವವರು ಇದನ್ನೂ ಸ್ವಲ್ಪ ಯೋಚಿಸಬೇಕು ಅಲ್ವಾ, ಬೀದಿ ಬಿಟ್ಟರೆ ಅವರಿಗೆ ಬೇರೆ ಜಾಗವಾದರೂ ಎಲ್ಲಿತ್ತು? ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ. ಗುಜರಾತಿನಲ್ಲಿ 18ರ ಹುಡುಗರು ಮೊದಲ ಸಲ ಓಟು ಹಾಕಿದ ವಿಧಾನಸಭೆ ಚುನಾವಣೆ 1990ರದ್ದು.

ಆ ಚುನಾವಣೆ ಮುಗಿದ ಮೇಲೆ ಮುಖ್ಯಮಂತ್ರಿಯಾದವರು ಚಿಮನ್‌ಭಾಯ್ ಪಟೇಲ್.